ಚಮಚದ ಡ್ರಾಯರು

ತಿರುವು ಬಂದರೆ ಸಾಕು, ಚಮಚದ ಡ್ರಾಯರು
ತಾನಾಗಿ ತೆರೆದು ಗಲಗಲ.
ಅದಕ್ಕೆ ಕಾಲೊತ್ತಿ ಕೂರುವುದು ಸುನ್ನಿವಾಳ ಕೆಲಸ,
ಟ್ರೋಮ್ಸೋ ಬಿಟ್ಟಾಗಿನಿಂದ.

ಅಮ್ಮ ಸ್ಟೀರಿಂಗಿನಲ್ಲಿ, ಅಪ್ಪ ನಕ್ಷೆಯಲ್ಲಿ;
ಎರಡು ದಿನದಿಂದ ಅವರ ನಡುವೆ
'ಎಡಕ್ಕೆ', 'ಬಲಕ್ಕೆ' ಬಿಟ್ಟರೆ ಮಾತಿಲ್ಲ.
ಕಡಲು ಮಾತ್ರ ಎರಡೂ ಕಿಟಕಿಯಲ್ಲಿ ಇಣುಕುತ್ತದೆ.

ಫೆರಿಯ ಸಾಲಿನಲ್ಲಿ ರಾತ್ರಿ ಹನ್ನೊಂದೂವರೆ.
ಮುಳುಗಲೊಲ್ಲದ ಸೂರ್ಯ ಪರದೆಯ ತೂತಿನಿಂದ
ಪುಟ್ಟ ಐಲಿಫನ ಮೂಗಿನ ಮೇಲೆ.
'ನಾಳೆ ಆಯಿತಾ?'
ಯಾರಿಗೆ ಗೊತ್ತು.
ಅಮ್ಮನಿಗೆ ನಗು ಬಂತು. ಅಪ್ಪನಿಗೂ, ತುಸು ತಡವಾಗಿ.
ಮೀನಿನುಂಡೆ ಬಿಸಿಯಾಯಿತು.
ಸುನ್ನಿವಾ ಕಾಲು ತೆಗೆದಳು, ಚಮಚ ಬೇಕಲ್ಲ.

ಬಾಡಿಗೆ ಗಾಡಿ ಒಪ್ಪಿಸಿ ವಾರವಾಯಿತು.
ಮನೆಯ ಅಡುಗೆಕೋಣೆ ಅಲುಗಾಡುವುದಿಲ್ಲ.
ಆದರೂ ಅವರ ದನಿ ಏರಿದಾಗ
ಮೇಜಿನಡಿಯಲ್ಲಿ ಅವಳ ಹಿಮ್ಮಡಿ
ಡ್ರಾಯರನ್ನು ಹುಡುಕುತ್ತದೆ.