ಬೆರಳ ಲೆಕ್ಕ

"ಏತ್ ಜನೊಕು?" ಎಂದಳು.
ಎಷ್ಟು ಜನಕ್ಕೆ ಹೇಳುತ್ತೀರಿ ಎಂದು.
ಮಲ್ಪೆಯ ಐಸ್ ಪ್ಲಾಂಟಿನ ಹಿಂದೆ,
ಬಲೆ ಒಣಹಾಕುವ ಕಟ್ಟೆಯ ಮೇಲೆ ನಾವಿಬ್ಬರೇ.
ಅವಳ ಹೆಸರು ಬರೆಯುವಂತಿಲ್ಲ.
ವಯಸ್ಸು ಬೇಕಾದರೆ: ಒಂಬತ್ತು,
ಎದುರಿನ ಹಲ್ಲೊಂದು ಅರ್ಧ ಬಂದಿತ್ತು.

ಮೂರು ಬೆರಳು ಎತ್ತಿದೆ.
ಒಂದೊಂದನ್ನೇ ಒತ್ತಿ ನೋಡಿದಳು,
ಬಂಗುಡೆ ತಾಜಾ ಹೌದೋ ಎಂದು
ಬುಟ್ಟಿಯ ಮುಂದೆ ಕೂತು ಒತ್ತುವ ಹಾಗೆ.
ಆಮೇಲೆ ಹೇಳಿದಳು.

ಮೂರು ಎಂದಾಗ ನಾನು ನಂಬಿದ್ದೆ.
ಸಮಿತಿಯಲ್ಲೇ ಐದು ಜನ.
ಟೈಪು ಮಾಡಿದ ಪ್ರಮೀಳಾ
ಏಳನೇ ಪುಟಕ್ಕೆ ಬಂದಾಗ ಎದ್ದು ಹೋಗಿ
ಮಗಳ ಶಾಲೆಗೆ ಫೋನು ಮಾಡಿದಳು,
ಏನಿಲ್ಲ, ಸುಮ್ಮನೆ ಮಾಡಿದೆ ಎಂದಳು.
ಅವಳನ್ನು ಯಾವ ಬೆರಳಿಗೆ ಸೇರಿಸಲಿ?
ಮತ್ತೆ ಮಣಿಪಾಲದ ಕಚೇರಿಯ ಕಪಾಟು,
ಕಪಾಟಿನ ಕೀಲಿ,
ಕೀಲಿ ಇಡುವ ಬಿಸ್ಕೆಟಿನ ಡಬ್ಬಿ
ಎಲ್ಲಿದೆಯೆಂದು ಬಲ್ಲ ಇಡೀ ಕಚೇರಿ.

ಅಪ್ಪ ಅರ್ಜಿ ಹಾಕಿದ, ಮಗು ನನಗೆ ಬೇಕು ಎಂದು.
ಅರಗಿನ ಮುದ್ರೆಯ ಲಕೋಟೆ ಉಡುಪಿಯ ಕೋರ್ಟಿಗೆ ಹೋಯಿತು,
ನನ್ನ ಮಡಿಲಲ್ಲಿ, ಸಿಟಿ ಬಸ್ಸಿನಲ್ಲಿ.
ತೆರೆಯಬಾರದು, ಗೋಪ್ಯ, ಎಂದರು ನಮ್ಮ ಕಡೆಯವರು.
ವಕೀಲ ಲ್ಯಾನ್ಸಿ ಕ್ರಾಸ್ತಾ ಎದ್ದು ನಿಂತರು:
ನನ್ನ ಕಕ್ಷಿದಾರ ಕಾಣದ ಕಾಗದಕ್ಕೆ
ಉತ್ತರ ಕೊಡುವುದು ಯಾವ ಬಾಯಲ್ಲಿ?
ಮಾತು ನ್ಯಾಯದ್ದೇ. ನನಗೆ ಸಿಟ್ಟು ಬಂತು,
ನ್ಯಾಯದ್ದಾದ್ದರಿಂದಲೇ ಇನ್ನಷ್ಟು.

ನ್ಯಾಯಾಧೀಶೆ ಅಥಣಿಯ ಕಡೆಯವರು,
ವರ್ಗವಾಗಿ ಬಂದು ನಾಲ್ಕು ತಿಂಗಳು.
ಓದದೇ ತೂಗೂದು ನನಗೆ ಬರೂದಿಲ್ಲ, ಎಂದರು.
ಒಬ್ಬಳೇ ಓದತೀನಿ.
ಅಪ್ಪನ ಕಡೆಗೆ ಅರ್ಧ ಪುಟ ಸಾರಾಂಶ ಕೊಡತೀನಿ.

ಚೇಂಬರಿನಲ್ಲಿ ಅರಗು ಒಡೆಯಿತು.
ಮೇಜಿನ ಗಾಜಿನ ಮೇಲೆ ಚದುರಿದ ಕೆಂಪು ಚೂರನ್ನು
ಬುಟ್ಟಿಗೆ ಗುಡಿಸಲಿಲ್ಲ ಅವರು,
ಒಂದು ಕಾಗದದಲ್ಲಿ ಕಟ್ಟಿ ಬದಿಗಿಟ್ಟರು.
ನಾನು ನಿಂತೇ ಇದ್ದೆ.
'ಸದರಿ ಬಾಲಕಿಯು ತಿಳಿಸಿರುತ್ತಾಳೆ'
'ಸದರಿ ಬಾಲಕಿಯು ತಿಳಿಸಿರುತ್ತಾಳೆ'
ಅವಳ ತುಳುವನ್ನೆಲ್ಲ ಇಸ್ತ್ರಿ ಹಾಕಿ
ಸರಕಾರಿ ಕನ್ನಡ ಮಾಡಿದವಳು ನಾನೇ.
ಒಂದು ಸಾಲು ಮಾತ್ರ ಮಡಿಸಲು ಬರಲಿಲ್ಲ.
ಪೆನ್ನಿನಿಂದ ಅಂಚಿನಲ್ಲಿ ತುಳುವಿನಲ್ಲೇ ಬರೆದು,
ಮತ್ತೆ ಹೊಡೆದು ಹಾಕಿದ್ದೆ.

ಪುಟ ಏಳು, ಎಂದರು. ಇದೇನು?
ಹೊಡೆದದ್ದು, ಮೇಡಂ.
ಹೊಡೆದದ್ದು ಕಾಣತದ. ಏನು ಅಂತ ಕೇಳಿದೆ.
ಹಾಳೆಯನ್ನು ಬೆಳಕಿಗೆ ಹಿಡಿದರು,
ತಿರುಗಿಸಿ ಬೆನ್ನ ಮೇಲೆ ಹೆಬ್ಬೆರಳಾಡಿಸಿದರು,
ಒತ್ತಿ ಬರೆದ ಗೆರೆ ಅಲ್ಲಿ ಉಬ್ಬಿತ್ತು.
ಮುದ್ರೆ ಒಡೆಯುವ ಅಧಿಕಾರವಿದ್ದ ಕೈಗೆ
ಆ ಐದು ಶಬ್ದಕ್ಕೆ ಕೀಲಿ ಇರಲಿಲ್ಲ.

ಹೊರಗೆ ಜವಾನ ಯಾರದೋ ಹೆಸರು ಕೂಗುತ್ತಿದ್ದ,
ಮೂರು ಸಲ, ನಿಯಮದಂತೆ.

ಅರ್ಥ ಹೇಳಿದೆ.
ಕನ್ನಡದಲ್ಲಿ, ಮೆಲ್ಲಗೆ, 'ಸದರಿ' ಇಲ್ಲದೆ.
ಅವರು ಬರೆದುಕೊಳ್ಳಲಿಲ್ಲ.
ಪೆನ್ನಿಗೆ ಮುಚ್ಚಳ ಹಾಕಿದರು. ತೆಗೆದರು. ಹಾಕಿದರು.
ನಿಮಗೆ ಹೇಳಲಾರೆ.
ನೀವು ಓದುವವರು, ಬೇಸರ ಬೇಡ,
ನೀವು ಬೆರಳಿನ ಲೆಕ್ಕದಲ್ಲಿಲ್ಲ.

ಶನಿವಾರ ನಿಟ್ಟೂರಿನ ಬಾಲಮಂದಿರಕ್ಕೆ ಹೋದೆ.
ಅಂಗಳದಲ್ಲಿ ಇದ್ದಿಲಿನಿಂದ ಕುಂಟೆಬಿಲ್ಲೆಯ ಮನೆ ಬರೆಯುತ್ತಿದ್ದಳು.
ಹಲ್ಲು ಪೂರ್ತಿ ಬಂದಿದೆ.
ನನ್ನ ಕೈ ಹಿಡಿದು ಬಿಡಿಸಿದಳು,
ಈಗ ಎಷ್ಟು ಎಂದು.
ಮೊದಲೇ ತಪ್ಪಿ ಹೇಳಿದ್ದೆ, ಎಂದೆ,
ಅದರ ಮೇಲೆ ಒಂದು ಹೆಚ್ಚಾಗಿದೆ: ಜಡ್ಜಮ್ಮ.
ಇದ್ದಿಲ ಬೆರಳಿನಿಂದ ನನ್ನ ಕಿರುಬೆರಳಿಗೆ
ಕಪ್ಪು ಹಚ್ಚಿ, ಗುರುತು ಮಾಡಿ, ಕೇಳಿದಳು:

ಅವರು ಬೈದರಾ?

ಇಲ್ಲ, ಎಂದೆ.
ನೀರು ಕುಡಿದರು.