ಜನವರಿ ಒಂದರಂದು ಹುಟ್ಟಿದವರು

ಜುಲೈನಲ್ಲಿ ಎಣಿಸಿದವಳು ನಾನೇ.
ಕಾಲಿಗೆ ಉಪ್ಪು, ಹೊಗೆಸೊಪ್ಪು ಸವರಿಕೊಂಡು
ಸಿದ್ದಾಪುರದ ಆಚೆ, ಕೊನೆಯ ಮನೆಯ ನಾಯಿಗೂ ಪರಿಚಯವಾಗುವಷ್ಟು ಸುತ್ತಿ.
ಸೊನ್ನೆಯಿಂದ ನಾಲ್ಕು, ಐದರಿಂದ ಒಂಬತ್ತು,
ಎಂಬತ್ತರ ಮೇಲಿನವರೆಗೆ ಹದಿನೇಳು ಖಾನೆ.

ಪಂಚಾಯಿತಿಯಲ್ಲಿ ಆ ವಾರ ಕರೆಂಟಿಲ್ಲ.
ಹಳೆಯ ಚುನಾವಣಾ ಪೋಸ್ಟರಿನ ಬೆನ್ನಿಗೆ ಗೆರೆ ಎಳೆದು
ಮೈದಾ ಅಂಟಿನಲ್ಲಿ ಕೂರಿಸಿದೆ, ಐದು ಜನಕ್ಕೊಂದು ಕಾಳು:
ಗಂಡಸರಿಗೆ ಕಾಫಿ ಬೀಜ, ಹೆಂಗಸರಿಗೆ ಕರಿಮೆಣಸು.
ಗೋಪುರ ಬರಬೇಕು ಎಂದಿದ್ದರು ಮಡಿಕೇರಿಯ ತರಬೇತಿಯಲ್ಲಿ,
ಬುಡ ಅಗಲ, ತುದಿ ಚೂಪು.
ನಮ್ಮದು ಬುಗುರಿ.
ಹೊಟ್ಟೆ ದಪ್ಪ, ಬುಡದಲ್ಲಿ ಮೊಳೆಯಷ್ಟು:
ನಾಲ್ಕು ಕಾಫಿ, ಮೂರು ಮೆಣಸು.

ಎರವರ ಚೋಮಿಗೆ ಎಷ್ಟು ವಯಸ್ಸು?
"ಬಿದಿರು ಹೂಬಿಟ್ಟ ವರ್ಷ ನಡೆಯುತ್ತಿದ್ದೆ" ಅಂದಳು.
ಯಾವ ಹೂ, ಮೊದಲಿನದೋ ಆಮೇಲಿನದೋ?
ಆಧಾರಿನಲ್ಲಿ ಐವತ್ತೆಂಟು, ಮಂಡಿಯಲ್ಲಿ ಎಪ್ಪತ್ತು,
ಪಿಂಚಣಿಗೆ ಎರಡು ವರ್ಷ ಕಡಿಮೆ.
ಹುಟ್ಟಿದ ದಿನ ಜನವರಿ ಒಂದು.
ಊರಲ್ಲಿ ನೂರಾ ಹನ್ನೆರಡು ಜನ ಹುಟ್ಟಿದ್ದು ಅವತ್ತೇ;
ಯಾವ ಸೂಲಗಿತ್ತಿಗೆ ಅಷ್ಟು ಕೈಯಿತ್ತೋ.
ಲೆಕ್ಕ ತಪ್ಪಿಸಿ ಚೋಮಿಗೆ ಒಂದು ಇಡೀ ಮೆಣಸು ಕೊಟ್ಟೆ,
ಅರುವತ್ತರ ಗೆರೆಯ ಮೇಲೆ, ಅತ್ತಲೂ ಅಲ್ಲ ಇತ್ತಲೂ ಅಲ್ಲ.

ಆಗಸ್ಟಿನ ಗ್ರಾಮಸಭೆ.
ಬುಗುರಿ ಕಂಡದ್ದೇ ಎಲ್ಲರಿಗೂ ಸಲೀಸಾಯಿತು.
ಏಳು ಕಾಳಿಗೆ ಅಂಗನವಾಡಿಯ ಎರಡನೇ ಕೋಣೆ ಯಾಕೆ,
ಉತ್ತಯ್ಯನವರು ಕೇಳಿದರು. ಆ ದುಡ್ಡಿನಲ್ಲಿ
ಬಿಪಿ ನೋಡುವ ಕೋಣೆ ಬರಲಿ, ಇಳಿಜಾರಿಗೆ ಹಿಡಿಗಂಬಿ ಬರಲಿ.
ಮೊಯ್ದು ಕಾಕ ತಲೆದೂಗಿದರು, ಅವರ ಊರುಗೋಲೂ ತಲೆದೂಗಿತು.
ತಪ್ಪೇನಿಲ್ಲ. ಕಾಳು ಹೇಳಿದ್ದನ್ನೇ ಹೇಳಿದರು.
ಕಾಳು ಇಟ್ಟವಳು ನಾನು.

ಜನವರಿಯಲ್ಲಿ ರೇಷನ್ ವಿಚಾರಕ್ಕೆ
ಮೇಲಿನ ತೋಟದ ಲೈನ್‌ಮನೆಗೆ ಹತ್ತಿದೆ.
ಜುಲೈನಲ್ಲಿ ಬೀಗ ಕಂಡು
'ಯಾರೂ ಇಲ್ಲ' ಎಂದು ನಾನು ಬರೆದಿದ್ದ ಹದಿನೆಂಟು ಬಾಗಿಲು
ತೆರೆದಿವೆ. ಒಳಗೆ ಅಸ್ಸಾಂ, ಜಾರ್ಖಂಡ್, ಪಿರಿಯಾಪಟ್ಟಣ.
ರೊಬಸ್ಟಾ ಬುಡದಲ್ಲಿ ಗೊಬ್ಬರದ ಚೀಲ ಹಾಸಿ ಮಲಗಿಸಿದ ಕೂಸುಗಳು.
ಮೂರರವಳ ಸೊಂಟದಲ್ಲಿ ಒಂದರವನು.
"ಆನೆ ಬಂದರೆ?"
ರೋಜಿನಾ ಕೊಯ್ಲು ನಿಲ್ಲಿಸಲಿಲ್ಲ, "ಸೀಟಿ ಇದೆ" ಅಂದಳು.
ಅವಳ ಮಗನ ಕೊರಳಲ್ಲಿ ಹಸಿರು ವಿಸಿಲ್.
ವಯಸ್ಸು ಏಳು. ಖಾನೆ ಐದರಿಂದ ಒಂಬತ್ತು.
ಕೆಲಸ: ಕಾವಲು.

ಐದರೊಳಗಿನವರು ಅರುವತ್ತು.
ಬೇರೆ ಊರಿನವರು, ಅನ್ನುತ್ತದೆ ನಮ್ಮ ಪಟ್ಟಿ.
ಮನೆಗೆ ಬೀಗ, ಅನ್ನುತ್ತಿರಬೇಕು ಅವರ ಊರಿನದು.

ರಾತ್ರಿ ಪೋಸ್ಟರು ಬಿಚ್ಚಿದೆ. ಒಣಗಿದ ಬೀಜ ಮನೆಯಲ್ಲಿರಲಿಲ್ಲ,
ರೋಜಿನಾ ಕೈಗೆ ಸುರಿದಿದ್ದ ಕೆಂಪು ಹಣ್ಣು ಹನ್ನೆರಡು
ಕೆಳಗಿನ ಸಾಲಿನಲ್ಲಿ ಒತ್ತಿದೆ. ಸಿಪ್ಪೆ ಒಡೆದು ರಸ ಹರಿಯಿತು,
ಖಾನೆಯ ಗೆರೆ ದಾಟಿ.

ಮೊನ್ನೆ ಸಭೆಯಲ್ಲಿ ಕೇಳಿದರು: ಇದೇನು ಕಲೆ?
ಕಲೆಯಲ್ಲ, ಕೊಯ್ಲಿನ ತಿಂಗಳ ಊರು ಎಂದೆ.
ನವೆಂಬರಿನಿಂದ ಮಾರ್ಚಿಗೆ ಒಂದು ಕೋಣೆ, ಒಬ್ಬ ಆಯಾ, ಹಾಲು;
ಏಪ್ರಿಲ್ ಬಂದರೆ ಅದೇ ಕೋಣೆಯಲ್ಲಿ ಬಿಪಿ ನೋಡಿ.
ಜುಲೈನಲ್ಲಿ ಇಲ್ಲದವರಿಗೆ ಅನುದಾನ ಕೇಳುವುದು ಹೇಗೆ,
ಪಿಡಿಓ ಪೆನ್ನು ಕಚ್ಚಿದರು.
ಉತ್ತಯ್ಯನವರು ಕನ್ನಡಕ ಏರಿಸಿ ಕೆಳಗಿನ ಸಾಲನ್ನೇ ನೋಡುತ್ತಿದ್ದರು,
ತಮ್ಮ ತೋಟದ ಹಣ್ಣಿನ ಬಣ್ಣ ಅವರಿಗೆ ಗೊತ್ತಿಲ್ಲವೇ.
'ಮುಂದಿನ ಸಭೆಗೆ' ಎಂದು ಬರೆದುಕೊಂಡರು.

ಅಷ್ಟರಲ್ಲಿ ಹಣ್ಣನ್ನು ಇರುವೆ ಒಯ್ಯುತ್ತವೆ.
ಹೊಸ ವರ್ಷದ ದಿನ ಚೋಮಿಗೆ
ಐವತ್ತೊಂಬತ್ತು ತುಂಬಿತು, ನೂರಾ ಹನ್ನೊಂದು ಜನರ ಜೊತೆ.
ಹೇಳಲು ಹೋದೆ.
ಮಂಡಿ ತಿಕ್ಕಿಕೊಳ್ಳುತ್ತ ಕೇಳಿದಳು:
ಬಿದಿರು ಮತ್ತೆ ಹೂಬಿಟ್ಟಿತಾ?