ಹತ್ತರಲ್ಲಿ ಎಂಟು

ಪತ್ರ ಬಂದದ್ದು ಜಸಿಂತಳಿಗೆ.
ಹುಬ್ಬಳ್ಳಿ ರೈಲ್ವೆ, ಕ್ರೀಡಾ ಕೋಟಾ,
ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಜರು,
ಮೂಲ ದಾಖಲೆಗಳ ಸಮೇತ.
ಅದೇ ಸೋಮವಾರ ನಮಗೆ
ನಾಲ್ಕನೇ ಸೆಮಿಸ್ಟರಿನ ಕಾಸ್ಟ್ ಅಕೌಂಟಿಂಗ್.

ಐದು ಅಡಿ ಹನ್ನೊಂದು ಅಂಗುಲದ ಹುಡುಗಿ.
ಭದ್ರಾವತಿ ಬಸ್ಸಿನಿಂದ ದಿನಾ ತಲೆ ತಗ್ಗಿಸಿ ಇಳಿಯುವವಳು.
ಮೇಲೆ ಹವಾ ಹೇಗಿದೆ ಎಂದು ಕೇಳುವವರಿಗೆಲ್ಲ
ಬಂದು ನೋಡಿ ಎನ್ನುವವಳು.
ನಾನು ಐದು ಅಡಿ ಒಂದು.
ಎರಡು ವರ್ಷ ಚೆಂಡನ್ನು ಅವಳ ಕೈಯೆತ್ತರಕ್ಕೆ ಎಸೆದಿದ್ದೇನೆ, ಅಷ್ಟೆ;
ಬುಟ್ಟಿಗೆ ಹಾಕಿದ್ದು ಅವಳು.
ಪೇಪರಿನಲ್ಲಿ ಅವಳ ಫೋಟೋ ಬಂದಾಗ
ಅಂಚಿನಲ್ಲಿ ನನ್ನ ಮೊಣಕೈ ಇತ್ತು.

ಬಸವಲಿಂಗ ಸರ್ ಪ್ಯಾಂಟು ಮಡಿಸಿ ಮಂಡಿ ತೋರಿಸಿದರು,
ಹೊಲಿಗೆಯ ಗುರುತು ಸಮೇತ:
"ಇದು ಇಪ್ಪತ್ತಾರಕ್ಕೇ ಹೋಯ್ತು. ಡಿಗ್ರಿ ಎಲ್ಲಿಗೂ ಓಡಿಹೋಗಲ್ಲ."
ಪ್ರಿನ್ಸಿಪಾಲರು ಹಾಜರಿ ಪುಸ್ತಕ ಮುಚ್ಚಿದರು:
"ಖಲಾಸಿಯಾಗಿ ಸೇರಿದವರು ಖಲಾಸಿಯಾಗೇ ರಿಟೈರ್ ಆಗ್ತಾರಮ್ಮ."
ಕಾನ್ವೆಂಟಿನ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ
ಅವಳಮ್ಮ ತಲೆ ಎತ್ತದೆ ಕೇಳಿದ್ದು ಒಂದೇ:
"ಕ್ವಾರ್ಟರ್ಸ್ ಕೊಡ್ತಾರಾ?"

ನನ್ನನ್ನೂ ಕೇಳಿದಳು.
ದುರ್ಗಿಗುಡಿಯ ಜ್ಯೂಸ್ ಅಂಗಡಿ,
ಒಂದೇ ಲೋಟಕ್ಕೆ ಎರಡು ಸ್ಟ್ರಾ.
"ಓದು ಮುಗಿಸು," ಅಂದೆ. "ಇನ್ನೊಂದೇ ವರ್ಷ ಅಲ್ವಾ.
ನಾಳೆ ಕಾಲು ಮುರಿದರೆ ಕೈಯಲ್ಲೊಂದು ಕಾಗದ ಇರಲಿ."
ಅಜ್ಜಿ ಥರ ಮಾತಾಡ್ತೀಯ ಮಾರಾಯ್ತಿ, ಅಂದಳು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಗೊತ್ತಾಯಿತು:
ಮುಂದಿನ ವರ್ಷ ಚೆಂಡು ಹಿಡಿದು ನಾನು
ಯಾರನ್ನು ಹುಡುಕಲಿ ಎಂಬ ಹೆದರಿಕೆಗೆ
ಬುದ್ಧಿಮಾತಿನ ಜರ್ಸಿ ತೊಡಿಸಿದ್ದೆ.

ಇನ್ನೊಂದೂ ಇತ್ತು. ಹೇಳಿಬಿಡುತ್ತೇನೆ.
ಟ್ರಯಲ್ಸಿಗೆ ನಾನೂ ಹೋಗಿದ್ದೆ.
ಟೇಪು ಹಿಡಿದವನು ನನ್ನ ಎತ್ತರ ಬರೆದು
ಪೆನ್ನಿಗೆ ಮುಚ್ಚಳ ಹಾಕಿದ,
ಓಡುವುದನ್ನು ನೋಡುವ ಮೊದಲೇ.

ಶನಿವಾರ ಸಂಜೆ ಕೋರ್ಟಿನಲ್ಲಿ ನಾವಿಬ್ಬರೇ.
"ಹತ್ತು ಫ್ರೀ ಥ್ರೋ. ಎಂಟು ಬಿದ್ದರೆ ಹೋಗ್ತೀನಿ,
ಇಲ್ಲಾಂದ್ರೆ ಕಾಸ್ಟ್ ಅಕೌಂಟಿಂಗ್.
ನೀನು ಎಣಿಸು. ನಾನು ಎಣಿಸಿದರೆ ಕೈ ನಡುಗುತ್ತೆ."

ಬಲೆ ಹರಿದು ವರ್ಷವಾಗಿತ್ತು,
ಉಳಿದದ್ದು ಬರೀ ಕಬ್ಬಿಣದ ಬಳೆ;
ಅದರೊಳಗೆ ಚೆಂಡು ಹಾದರೆ ಸದ್ದೇ ಇಲ್ಲ.
ಒಂದು. ಎರಡು. ಮೂರನೆಯದು ಹೊರಗೆ.
ನಾಲ್ಕಕ್ಕೆ ಮುಂಚೆ ಕೂದಲು ಬಿಗಿದು ಕಟ್ಟಿದಳು.
ಆರಕ್ಕೆ ಹೊಳೆ ಕಡೆಯಿಂದ ಗಾಳಿ ಬಂತು, ಕಾದಳು.
ಏಳನೆಯದು ಅಂಚಿನ ಮೇಲೆ ಎರಡು ಸುತ್ತು ತಿರುಗಿ
ಬೇಡವೆಂದು ಹೊರಗಿಳಿಯಿತು.
ಎಂಟು, ಒಂಬತ್ತು, ಒಳಗೆ.
ಬಿದ್ದದ್ದು ಏಳು. ಉಳಿದದ್ದು ಒಂದು.

ಅದು ಅವಳ ಬೆರಳು ಬಿಟ್ಟಿತು, ಅಷ್ಟರಲ್ಲಿ
ಕಾವಲಿನ ಹನುಮಂತಣ್ಣ ದೀಪ ಆರಿಸಿದರು.
ಎಂಟೂವರೆ ಅಂದರೆ ಎಂಟೂವರೆ ಅವರಿಗೆ.

ಕತ್ತಲಲ್ಲಿ ಠಣ್ ಎಂದಿತು ಬಳೆ.
ಚೆಂಡು ನನ್ನ ಎಡಕ್ಕೆ ಪುಟಿಯುತ್ತ ದೂರ ಹೋಯಿತು.
ಒಳಗೆ ಬಿದ್ದ ಚೆಂಡು ಹಾಗೆ ಹೋಗುವುದಿಲ್ಲ.
"ಬಿತ್ತಾ?"
ಬಾಯಿ ತೆರೆದೆ. ಬಂದದ್ದು, "ಬಿತ್ತು."

"ಸುಳ್ಳಿ," ನಕ್ಕಳು.
"ಬೆರಳು ಬಿಟ್ಟಾಗಲೇ ಗೊತ್ತಾಗುತ್ತೆ ಕಣೇ."
ಗೇಟಿನ ಸರಪಳಿ ಎಳೆಯುವ ಸದ್ದಾಯಿತು.
ಹನುಮಂತಣ್ಣ ಕೆಮ್ಮಿದರು.
"ಆದ್ರೂ ಎಂಟು ಅಂತಲೇ ಬರ್ಕೋ."

ಜುಲೈಯಲ್ಲಿ ಹೊಸ ಹುಡುಗಿಯರು ಬಂದರು.
ಮೊದಲ ದಿನವೇ ನೋಡದೆ ಎಸೆದೆ ಒಂದು ಪಾಸ್,
ಅವಳು ನಿಲ್ಲುತ್ತಿದ್ದ ಜಾಗಕ್ಕೆ, ಅವಳ ಎತ್ತರಕ್ಕೆ.
ಗೆರೆ ದಾಟಿತು, ಕಾಂಪೌಂಡ್ ದಾಟಿತು,
ಹೊರಗಿನ ಮಂಡಕ್ಕಿ ಗಾಡಿಯ ಮೇಲೆ ಹೋಗಿ ಬಿತ್ತು.
ಓಡಿದೆ.
ಫಯಾಜಣ್ಣ ಚೆಂಡಿಗೆ ಮೆತ್ತಿದ ಖಾರ ಒರೆಸುತ್ತ
"ಉದ್ದದ ಹುಡುಗಿ ಎಲ್ಲಮ್ಮ?" ಎಂದರು.
ಹುಬ್ಬಳ್ಳಿ, ಎಂದೆ. ಕೆಲಸ, ಎಂದೆ.
"ಒಳ್ಳೇದಾಯ್ತು ಬಿಡು,"
ಎಂದು ಕೈ ಚಾಚಿ ನಿಂತಿದ್ದ
ನನ್ನ ತಲೆಯ ಮೇಲಿಂದ
ಚೆಂಡನ್ನು ಒಳಗೆ ಎಸೆದರು.